ಅರ್ಧ ನಕಲು

ಹೋದ ತಿಂಗಳು ಜಯನಗರದಲ್ಲಿ ಒಂದು ಕಥಾ ಕಮ್ಮಟ ಇತ್ತು. ಒಂದು ಶನಿವಾರ, ಮಧ್ಯಾಹ್ನದ ಊಟ ಸೇರಿ ಒಂದೂವರೆ ಸಾವಿರ. ಹನ್ನೆರಡು ಜನರಿದ್ದೆವು, ಹೆಚ್ಚಿನವರು ವಾರವಿಡೀ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಳ್ಳೋರೇ. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಹಿರಿಯರು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಟ್ಟರು: ‘ಯಾರ ಥರಾನೂ ಬರೀಬೇಡಿ. ನಿಮ್ಮ ಸ್ವಂತ ದನಿ ಹುಡುಕಿಕೊಳ್ಳಿ.’ ಎಲ್ಲರೂ ತಲೆಯಾಡಿಸಿ ಆ ಮಾತನ್ನು ಅಕ್ಷರಕ್ಕೆ ಅಕ್ಷರ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಊಟ ಆದಮೇಲೆ ಒಬ್ಬೊಬ್ಬರೇ ತಮ್ಮ ಕಥೆ ಓದಿದರು. ಹನ್ನೆರಡರಲ್ಲಿ ಏಳು ಕಥೆ ಜಡಿಮಳೆಯಲ್ಲಿ ಶುರುವಾದವು. ಆ ಏಳರಲ್ಲಿ ಒಬ್ಬರು ರಾಯಚೂರಿನವರು.

ಹೊಸದಾಗಿ ಬರೆಯೋರಿಗೆ ಕೊಡಬಹುದಾದ ಅತಿ ಕೆಟ್ಟ ಸಲಹೆ ಅಂದರೆ ಈ ‘ಸ್ವಂತ ದನಿ’. ನಕಲು ಮಾಡಬೇಡಿ ಅಂದರೆ ಯಾರೂ ನಕಲು ಬಿಡಲ್ಲ. ತಾವು ಮಾಡ್ತಿರೋದು ನಕಲು ಅಂತ ತಮಗೇ ಗೊತ್ತಾಗದ ಹಾಗೆ ಮಾಡ್ತಾರೆ, ಅಷ್ಟೆ. ಇದನ್ನು ನಾನು ಅಪ್ಪನ ಮುಂದೆ ತಲೆ ತಗ್ಗಿಸಿ ಕಲಿತೆ.

ನಮ್ಮೂರು ಶಿರಾ ತಾಲ್ಲೂಕು. ಕಡಲೆಕಾಯಿ, ರಾಗಿ, ಅದು ಬಿಟ್ಟರೆ ಜಾಲಿ. ಆದರೆ ಬಿಇ ಹಾಸ್ಟೆಲ್ಲಿನಲ್ಲಿ ತೇಜಸ್ವಿಯವರನ್ನು ಓದೀ ಓದೀ ಮೂಡಿಗೆರೆ ನನಗೆ ನಮ್ಮೂರಿಗಿಂತ ಹತ್ತಿರವಾಗಿತ್ತು. ರಟ್ಟು ಕಿತ್ತುಹೋದ ‘ಕರ್ವಾಲೊ’ ರೂಮಿಂದ ರೂಮಿಗೆ ಸುತ್ತುತ್ತಿತ್ತು. ಕೆಲಸ ಸಿಕ್ಕಿ ಮೂರ್ನಾಲ್ಕು ವರ್ಷಕ್ಕೆ ಬರೆಯುವ ಹುಕಿ ಬಂತು ನೋಡಿ, ನನ್ನ ಮೊದಲ ಕಥೆಯಲ್ಲಿ ಶಿರಾ ಸೀಮೆಯ ಹುಡುಗನ ಕಾಲಿಗೆ ಇಂಬಳ ಹತ್ತಿತ್ತು! ಅದನ್ನು ಯಾರಿಗೂ ತೋರಿಸಲಿಲ್ಲ, ಪುಣ್ಯ.

ಎರಡನೆಯದು ಅಚ್ಚಾಯಿತು. ನಮ್ಮ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ ದಿನದ ಬಗ್ಗೆ ಒಂದು ಪ್ರಬಂಧ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿ, ಕಾಯಿ ನೆಟ್ಟಗೆ ನಿಂತ ಕಡೆ ನೀರಿದೆ ಅಂದ ಪಾಯಿಂಟ್ ನೋಡುವವನು, ರಿಗ್ ಲಾರಿಯವರ ತಮಿಳು, ಸಲಹೆ ಕೊಡೋಕೆ ಅಂತಲೇ ಸೇರಿದ್ದ ಅರ್ಧ ಊರು. ಮಧ್ಯದಲ್ಲಿ ಪಂಚೆ ಎತ್ತಿಕಟ್ಟಿ, ಐವತ್ತು ಅಡಿಗೆ ಒಂದೊಂದು ದೇವರಿಗೆ ಹರಕೆ ಹೊರುತ್ತ ಓಡಾಡುವ ಅಪ್ಪ. ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಬಂತು. ಆಫೀಸಿನ ಕನ್ನಡದ ಹುಡುಗರು ‘ಸಖತ್ ಮಗಾ, ಪಕ್ಕಾ ತೇಜಸ್ವಿ’ ಅಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಇರಬಹುದು ಅಂತ ಆಗ ನನಗೆ ಅನ್ನಿಸಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಆ ಪುರವಣಿ ಮಡಚಿ ಗೋಡೆಯ ಗೂಡಿನಲ್ಲಿ ಇಟ್ಟಿತ್ತು. ರಾತ್ರಿ ಮುದ್ದೆ ಮುರಿಯುತ್ತಾ ಅಪ್ಪ, ‘ಚೆನ್ನಾಗ್ ಬರ್ದಿದೀಯ ಕಣಪ್ಪ. ಟೀ ಅಂಗಡೀಲಿ ಓದಿ ಎಲ್ರೂ ಬಿದ್ದೂ ಬಿದ್ದೂ ನಕ್ರು’ ಅಂದ. ಆಮೇಲೆ ನೀರು ಕುಡಿದು, ‘ಅವತ್ತು ಮಾತ್ರ ಯಾರೂ ನಕ್ಕಿರ್ಲಿಲ್ಲ’ ಅಂದ. ಅಮ್ಮ ಸಾರಿನ ಪಾತ್ರೆ ತಗೊಂಡು ಒಳಗೆ ಹೋದಳು.

ಆ ಬೋರು ಫೇಲಾಗಿತ್ತು. ಮೇಲೆ ಬಂದದ್ದು ಬರೀ ಧೂಳು. ಅದಕ್ಕೆ ಅಮ್ಮನ ಸರ ಅಡ ಹೋಗಿತ್ತು, ನನ್ನ ಮೂರನೇ ಸೆಮಿಸ್ಟರ್ ಫೀಸು ಕಟ್ಟೋದು ತಡವಾಗಿ ಫೈನ್ ಬಿದ್ದಿತ್ತು. ಇದೊಂದೂ ಪ್ರಬಂಧದಲ್ಲಿರಲಿಲ್ಲ. ಹಾಕಿದ್ದರೆ ಧಾಟಿ ಕೆಡುತ್ತಿತ್ತಲ್ಲ!

ಇಷ್ಟಕ್ಕೇ ನಿಲ್ಲಿಸಿದರೆ ಕಮ್ಮಟದ ಹಿರಿಯರೇ ಗೆದ್ದ ಹಾಗೆ. ನಾನೂ ಹಾಗೇ ಅಂದುಕೊಂಡು ಆರು ತಿಂಗಳು ತೇಜಸ್ವಿ ಪುಸ್ತಕ ಮುಟ್ಟಲಿಲ್ಲ. ಸ್ವಂತ ದನಿಗೆ ಕಾಯುತ್ತಾ ಕೂತೆ. ಬಂದದ್ದು ವೀಕ್ಲಿ ಸ್ಟೇಟಸ್ ರಿಪೋರ್ಟಿನ ದನಿ.

ಕೊನೆಗೆ ಹಠಕ್ಕೆ ಬಿದ್ದು ಇನ್ನೂರು ಪುಟದ ನೋಟ್‌ಬುಕ್ ತಂದು, ಪ್ರೈಮರಿ ಶಾಲೆಯ ಕಾಪಿ ರೈಟಿಂಗ್ ಥರ ‘ಕರ್ವಾಲೊ’ವನ್ನು ಕೈಯಲ್ಲಿ ಬರೆಯತೊಡಗಿದೆ, ಒಂದು ರಾತ್ರಿಗೆ ಎರಡು ಪುಟ. ಓದುವಾಗ ಹತ್ತು ಸಲ ದಾಟಿ ಹೋಗಿದ್ದದ್ದು ಬರೆಯುವಾಗ ಬೆರಳಿಗೆ ತಗುಲಿತು. ಅಲ್ಲಿ ಕಥೆ ಹೇಳುವವನು ದೂರ ನಿಂತು ಮಂದಣ್ಣನನ್ನು ನೋಡಿ ನಗುವ ಪೇಟೆಯವನಲ್ಲ. ಅವನೂ ರೈತ. ಬೇಸಾಯದ ತಾಪತ್ರಯದಲ್ಲಿ ಕುತ್ತಿಗೆವರೆಗೂ ಮುಳುಗಿದವನು. ಅವನ ಪೇಚಾಟವೂ ಆ ನಗೆಯೊಳಗೇ ಇದೆ. ನನ್ನ ಪ್ರಬಂಧದ ‘ನಾನು’ ಎಲ್ಲಿದ್ದೆ? ಹುಣಸೆಮರದ ನೆರಳಲ್ಲಿ, ಫೀಸು ಕಟ್ಟಿ ಆರಾಮಾಗಿರುವವನ ಹಾಗೆ ಕೂತಿದ್ದೆ. ತೇಜಸ್ವಿಯವರಿಂದ ನಗೆಯನ್ನು ಎತ್ತಿಕೊಂಡೆ, ನಗುವವನು ಎಲ್ಲಿ ನಿಂತಿದ್ದಾನೆ ಅನ್ನೋದನ್ನು ಅಲ್ಲೇ ಬಿಟ್ಟು ಬಂದೆ. ಪೂರ್ತಿ ನಕಲು ಮಾಡಿದ್ದರೆ ಅಪ್ಪ ಉಳಿಯುತ್ತಿದ್ದ. ಅರ್ಧ ನಕಲು ಮಾಡಿ ಅವನನ್ನು ಟೀ ಅಂಗಡಿಯ ತಮಾಷೆ ಮಾಡಿದೆ.

ನಮ್ಮ ಕೆಲಸದಲ್ಲಿರೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟಾಕ್ ಓವರ್‌ಫ್ಲೋದಿಂದ ಹತ್ತು ಸಾಲು ಎತ್ತಿ ಅಂಟಿಸಿ, ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಾಗ ಆ ಸಾಲು ಏನು ಮಾಡ್ತಿದೆ ಅಂತ ಗೊತ್ತಾಗದೆ ಕಣ್ಣು ಕಣ್ಣು ಬಿಟ್ಟವರು ನಾವೆಲ್ಲ.

ಸಂಗೀತದವರಿಗೆ ಈ ಗೊಂದಲ ಇಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ಗ್ರಾಮಫೋನ್ ತಟ್ಟೆಯಲ್ಲಿ ದೊಡ್ಡ ದೊಡ್ಡ ಉಸ್ತಾದರು ಹಾಡಿದ್ದನ್ನು ಕೇಳಿ ಹಾಗೆ ಹಾಗೇ ಹಾಡುತ್ತಿದ್ದ. ‘ಯಾರ ಥರಾನೂ ಹಾಡಬೇಡ ಮಗೂ’ ಅಂತ ಜನ ಅವನನ್ನು ಓಡಿಸಲಿಲ್ಲ, ಕುಮಾರ ಗಂಧರ್ವ ಅಂತ ಕರೆದರು. ಆಮೇಲೆ ಮುಂಬಯಿಯಲ್ಲಿ ದೇವಧರ ಮಾಸ್ತರರ ಹತ್ತಿರ ಕಲಿತದ್ದು, ಕ್ಷಯ ಬಂದು ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಡದೆ ಹಾಸಿಗೆ ಹಿಡಿದದ್ದು, ಅಲ್ಲಿ ಮಾಳವದ ಜನಪದರ ಹಾಡಿಗೆ ಕಿವಿಗೊಟ್ಟದ್ದು. ಎದ್ದು ಮತ್ತೆ ಹಾಡಿದಾಗ ಅದು ಯಾರ ಹಾಗೂ ಇರಲಿಲ್ಲ. ತಟ್ಟೆ ಕೇಳೀ ಕೇಳೀ ಹದವಾಗಿದ್ದ ಕಿವಿಗೇ ಮಾಳವವೂ ಕೇಳಿಸಿದ್ದು.

ಅಷ್ಟೇಕೆ, ತೇಜಸ್ವಿಯವರೇ ಶುರುವಿನಲ್ಲಿ ಅವತ್ತಿನ ನವ್ಯದ ಧಾಟಿಯಲ್ಲಿ ಬರೆದವರು. ‘ಸ್ವರೂಪ’ ಓದಿ ನೋಡಿ. ನವ್ಯದ ದಾರಿ ಬಿಡುತ್ತಿದ್ದೇನೆ ಅಂತ ಸಾರಿದ್ದು 1973ರ ‘ಅಬಚೂರಿನ ಪೋಸ್ಟಾಫೀಸು’ ಮುನ್ನುಡಿಯಲ್ಲಿ. ಹಿಡಿದೇ ಇರದಿದ್ದರೆ ಬಿಡೋದೇನನ್ನ?

‘ಹಾಗಾದ್ರೆ ಎಲ್ಲರೂ ನಕಲು ಮಾಡಿ ಅಚ್ಚು ಹಾಕಿಸಬೇಕಾ?’ ಅಂತ ಕಮ್ಮಟದಲ್ಲೊಬ್ಬರು ಕೇಳಿದರು. ಬೇಡ ಮಾರಾಯ್ರೇ. ನಕಲಿನ ನೋಟ್‌ಬುಕ್ ಮನೆಯಲ್ಲಿರಲಿ. ಪುಟದ ತಲೆಯ ಮೇಲೆ ಯಾರ ನಕಲು ಅಂತ ಹೆಸರು ಬರೆದುಕೊಳ್ಳಿ, ಹೆಸರು ಬರೆದರೆ ಸಾಲ ಯಾವುದು ಗಂಟು ಯಾವುದು ಗೊತ್ತಾಗುತ್ತೆ. ಅಚ್ಚಿಗೆ ಹೋಗಬಾರದ್ದು ಅದು. ನಾನು ಕಳಿಸಿದ್ದೇ ತಪ್ಪಾಗಿತ್ತು.

ಈಗ ನೋಟ್‌ಬುಕ್ಕಿನಲ್ಲಿ ದೇವನೂರರ ‘ಒಡಲಾಳ’ ನಡೀತಿದೆ. ನಾಲ್ಕು ಪುಟಕ್ಕೇ ಸೋತೆ. ಅವರ ಜನರ ಮಾತು ಅವರ ಕಿವಿಯಲ್ಲಿರುವ ಹಾಗೆ ನಮ್ಮೂರ ಮಾತು ನನ್ನ ಕಿವಿಯಲ್ಲಿಲ್ಲ. ಹದಿನೈದು ವರ್ಷ ಬೆಂಗಳೂರು, ಎಲ್ಲಿಂದ ಇರಬೇಕು? ಹಾಗಾಗಿ ವಾರಕ್ಕೆ ಎರಡು ಸಲ ಅಪ್ಪನಿಗೆ ಫೋನ್ ಮಾಡಿ, ಸುಮ್ಮನೆ ಮಾತಾಡಿಸ್ತೀನಿ. ಮೊನ್ನೆ ಬೋರಿನ ವಿಷಯ ತೆಗೆದು, ಅವತ್ತು ಎಷ್ಟು ಅಡಿ ಕೊರೆಸಿದ್ದು ಅಂತ ಕೇಳಿದೆ.

‘ನಾನೂರಾ ಎಂಬತ್ತು’ ಅಂದ. ‘ನೀನು ಮುನ್ನೂರು ಅಂತ ಬರ್ದಿದ್ದೆ.’