ಸುಂಕದವನ ಮುಂದೆ ಪರಾಗದ ಡಬ್ಬ

ಬರ್ಕ್ಲಿ: ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ಗಾದೆ ನಮ್ಮದೇ. ಆದರೂ ಊರಿನ ಪೆಟ್ಟಿಗೆ ನಡುದಾರಿಯಲ್ಲಿ ನಿಂತಾಗ ನೀವು ಅಲ್ಲಿಂದ, ನಾವು ಇಲ್ಲಿಂದ ಅವರನ್ನೇ ಬೈಯುತ್ತೇವೆ. ಬಹಳ ಸಲ ತಪ್ಪು ಇರುವುದು ಪೆಟ್ಟಿಗೆಯ ಮೇಲೆ ನಾವೇ ಬರೆದ ಹೆಸರಿನಲ್ಲಿ.

ಶಿರಸಿ ಕಡೆಯಿಂದ ನಮ್ಮ ಮನೆಯವರು ನಾಲ್ಕು ಕಿಲೋ ಜೇನುಪರಾಗ ಕಳಿಸಿದ್ದರು. ಜೇನ್ನೊಣ ಹೂವಿನಿಂದ ಕಾಲಿಗೆ ಅಂಟಿಸಿಕೊಂಡು ತರುವ ಹಳದಿ ಕಾಳು ಅದು. ‘ಆಯುರ್ವೇದ ಔಷಧಿ’ ಎಂದು ಬರೆದರೆ ಬೇಗ ಬಿಡುತ್ತಾರೆಂದು ಯಾರೋ ಹೇಳಿದ್ದರಂತೆ. ಮೂರು ವಾರ ನಿಂತ ಪೆಟ್ಟಿಗೆ ಊರಿಗೇ ವಾಪಸಾಯಿತು. ತೆರೆದರೆ ಪರಾಗಕ್ಕೆ ಬೂಸ್ಟು ಹಿಡಿದಿತ್ತು.

ಔಷಧಿ ಎಂದರೆ ಇಲ್ಲಿ ಔಷಧಿಯ ಕಾನೂನೇ ಅನ್ವಯ. ಜೇನುತುಪ್ಪ ಎಂದರೂ ಸುಳ್ಳೇ. ತುಪ್ಪದ ಸುಂಕ ಸಂಖ್ಯೆ 0409, ಪರಾಗ ಅದರಡಿ ಬರುವುದಿಲ್ಲ. ಮನೆಯಲ್ಲೇ ಮಾಡಿ, ಮಾಡಿದವರೇ ಉಡುಗೊರೆಯಾಗಿ ಕಳಿಸುವ ತಿಂಡಿಗೆ ಅಮೆರಿಕದ ಆಹಾರ ಇಲಾಖೆಗೆ ಮುಂಗಡ ಸೂಚನೆ ಕೊಡಬೇಕಿಲ್ಲ. ಕೊಂಡು ಕಳಿಸುವ ಪರಾಗ ಆ ವಿನಾಯಿತಿಗೆ ಸೇರದು. 800 ಡಾಲರ್‌ವರೆಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯೂ 2025ರ ಆಗಸ್ಟ್ 29ಕ್ಕೆ ನಿಂತಿತು. ಹಾಗಾಗಿ ‘ಜೇನುಪರಾಗ, ಒಣಗಿಸಿದ್ದು, ಮನುಷ್ಯರ ಆಹಾರಕ್ಕೆ’ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ತೂಕ, ಬೆಲೆಯೂ ನಿಜವಿರಲಿ.

‘ಮನುಷ್ಯರ ಆಹಾರಕ್ಕೆ’ ಎನ್ನುವುದೇಕೆ? ಜೇನ್ನೊಣಕ್ಕೆ ಮೇವಾಗಿ ಹೋಗುವ ಪರಾಗದ ಜೊತೆ ರೋಗವೂ ಹೋಗಬಹುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ನಮ್ಮ ತುಡುವೆ ಜೇನನ್ನು ಹೇಗೆ ನೆಲಕಚ್ಚಿಸಿತೆಂದು ಕೊಡಗಿನ ಹಿರಿಯರನ್ನು ಕೇಳಿ. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳೂ ಜೇನ್ನೊಣವನ್ನೇ ನಂಬಿವೆ. ಇವರ ಭಯ ಸುಮ್ಮನೆ ಬಂದದ್ದಲ್ಲ.

ಪ್ಯಾಕಿಂಗ್‌ನಲ್ಲಿ ಮೊದಲ ಶತ್ರು ತೇವ. ಹಸಿ ಪರಾಗ ದಾರಿಯಲ್ಲೇ ಹುಳಿಯುತ್ತದೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಆಹಾರದರ್ಜೆಯ ಚೀಲದಲ್ಲಿ ತೇವ ಹೀರುವ ಪೊಟ್ಟಣದೊಂದಿಗೆ ಸೀಲ್ ಮಾಡಿ, ಎರಡು ಪದರದ ರಟ್ಟಿನ ಪೆಟ್ಟಿಗೆಗೆ ಹಾಕಬೇಕು. ವ್ಯಾಪಾರಕ್ಕೆಂದು ಮರದ ಪ್ಯಾಲೆಟ್ ಮೇಲೆ ಕಳಿಸುವವರು ಮರಕ್ಕೆ ಐಎಸ್‌ಪಿಎಂ-15 ಮುದ್ರೆ ಇದೆಯೇ ನೋಡಿಕೊಳ್ಳಿ. ಶಾಖದಿಂದ ಸಂಸ್ಕರಿಸುವುದಾದರೆ ಮರದ ಒಳಗೂ 56 ಡಿಗ್ರಿ ಶಾಖ 30 ನಿಮಿಷ ತಾಗಿರಬೇಕು. ಮುದ್ರೆಯಿಲ್ಲದ ಮರದಿಂದ ಒಳ್ಳೆಯ ಸರಕೂ ಹಿಂದಿರುಗುತ್ತದೆ.

ಇಲ್ಲಿಂದ ಡಲ್ಲಾಸ್‌ನ ಅಂಗಡಿಗೆ ಲಾರಿಯಲ್ಲಿ ಕಳಿಸುವಾಗಲೂ ವರ್ಗವಿದೆ: 50ರಿಂದ 500ರವರೆಗೆ 18 ವರ್ಗ. ಮಂಡಕ್ಕಿ ಚೀಲಕ್ಕೂ ಬೆಲ್ಲದ ಚೀಲಕ್ಕೂ ಇರುವ ವ್ಯತ್ಯಾಸ ನೆನೆದರೆ ಸಾಕು. ಜಾಗ ಹೆಚ್ಚು, ತೂಕ ಕಡಿಮೆಯಾದರೆ ವರ್ಗ ಏರುತ್ತದೆ, ಬಾಡಿಗೆಯೂ ಏರುತ್ತದೆ. ಅಳತೆಯನ್ನು ಪ್ಯಾಲೆಟ್ ಸಹಿತ ಕೊಡಿ. ಸುಳ್ಳು ಹೇಳಿದರೆ ಅವರೇ ಮತ್ತೆ ತೂಗಿ ಹೆಚ್ಚುವರಿ ಬಿಲ್ ಕಳಿಸುತ್ತಾರೆ.

ಕೊನೆಯ ಮಾತು ಹಣದ್ದಲ್ಲ. ಪರಾಗ ಕೆಲವರಿಗೆ ಉಸಿರು ಕಟ್ಟಿಸುವಷ್ಟು ಅಲರ್ಜಿ ತರಬಲ್ಲದು. ‘ಔಷಧಿ’ ಎಂಬ ಚೀಟಿ ನಂಬಿ, ನೆಗಡಿಯಾದ ಮೊಮ್ಮಗುವಿಗೆ ಒಂದು ಚಮಚ ಕೊಟ್ಟರೆ? ಸರಿಯಾದ ಹೆಸರು ಬೇಕಿರುವುದು ಸುಂಕದವನಿಗೆ ಮಾತ್ರವಲ್ಲ, ಡಬ್ಬ ತೆರೆಯುವ ನಿಮ್ಮ ಮಕ್ಕಳಿಗೂ ಬೇಕು.