ವಸಡಿನ ಸಾಕ್ಷ್ಯ

'ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆ ಹಲ್ಲು ಏಕೆ ಹೋಯಿತೆಂದು ಕೇಳುವವರು ಮಾತ್ರ ವಿರಳ. 'ವಯಸ್ಸಾಯಿತು, ಉದುರಿತು' ಎಂಬುದೇ ನಮ್ಮ ಹಿರಿಯರ ಉತ್ತರ. ನಮ್ಮ ಮನೆತನದಲ್ಲಿ ಪದವಿಯ ತರಗತಿಯನ್ನು ಕಂಡವನು ನಾನೇ ಮೊದಲಿಗ. ಆ ಉತ್ತರ ನನಗೆ ಸಾಲದು.

ಹಲ್ಲಿನ ಬುಡದಲ್ಲಿ ಕೂತ ಪಾಚಿ ಗಾರೆಯಂತೆ ಗಟ್ಟಿಯಾಗುತ್ತದೆ. ವಸಡು ಊದಿ ರಕ್ತ ಒಸರುತ್ತದೆ. ಉಪೇಕ್ಷಿಸಿದರೆ ಹಲ್ಲನ್ನು ಹಿಡಿದ ಎಲುಬೇ ಸವೆಯುತ್ತದೆ. ಬಹುಮಟ್ಟಿಗೆ ನೋವಿಲ್ಲದಿರುವುದರಿಂದಲೇ ಈ ಶತ್ರು ಅಪಾಯಕಾರಿ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನ ತೀವ್ರ ವಸಡುರೋಗಕ್ಕೆ ತುತ್ತಾಗಿರುವರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು.

ಇದಕ್ಕೆ ಮೊದಲ ಮದ್ದು ಕತ್ತರಿಯಲ್ಲ. ಹಲ್ಲನ್ನೂ ಬೇರನ್ನೂ ಕೆರೆದು ಶುಚಿಮಾಡುವುದು. ಆದರೆ, 'ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ' ಎಂಬ ಮಾತು ನಮ್ಮ ಸಂಜಯನಗರದಂಥ ವಿದ್ಯಾವಂತರ ಬಡಾವಣೆಯಲ್ಲೂ ಕಿವಿಗೆ ಬೀಳುತ್ತದೆ. ಗಾರೆ ಹೋದಾಗ ಅದು ಮುಚ್ಚಿದ್ದ ಸಂದು ಕಾಣುತ್ತದೆ. ಸಂದನ್ನು ಮಾಡಿದ್ದು ರೋಗ, ದೂರು ಮಾತ್ರ ವೈದ್ಯನ ಮೇಲೆ!

ಈ ವ್ಯಾಜ್ಯಕ್ಕೆ ವಿಜ್ಞಾನ ಸಾಕ್ಷ್ಯವನ್ನು ಒದಗಿಸಿದೆ. ಹಲ್ಲು ಮತ್ತು ವಸಡಿನ ನಡುವಣ ಸಂದಿನಲ್ಲಿ ಅತ್ಯಲ್ಪ ದ್ರವ ಒಸರುತ್ತದೆ. ಉರಿಯೂತದ ಗುರುತುಗಳಾದ ಪ್ರೋಟೀನುಗಳು, ಅಂಗಾಂಶವನ್ನು ಕರಗಿಸುವ ಕಿಣ್ವಗಳು ಅದರಲ್ಲಿ ಇರುತ್ತವೆ. ಇವೇ ಜೈವಿಕ ಸೂಚಕಗಳು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಸ್‌ಫ್ಯಾಟಿನ್ ಎಂಬ ಇಂಥದೊಂದು ಸೂಚಕ ರೋಗಿಗಳಲ್ಲಿ ಏರಿದ್ದು, ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆಯ ಅನಂತರ ಇಳಿದದ್ದು ಕಂಡುಬಂದಿತು. ಕೆರೆದುದರಿಂದ ಉರಿಯೂತ ತಗ್ಗಿತೆಂಬುದಕ್ಕೆ ಇದಕ್ಕಿಂತ ನಿಷ್ಪಕ್ಷಪಾತ ಸಾಕ್ಷಿ ಯಾರು?

ಈ ಪರೀಕ್ಷೆ ಇನ್ನೂ ದಿನಬಳಕೆಗೆ ಬಂದಿಲ್ಲ, ನಿಜ. ವೈದ್ಯರು ಇಂದಿಗೂ ಸಣ್ಣ ಕಡ್ಡಿಯಿಂದ ಸಂದಿನ ಆಳವನ್ನೇ ಅಳೆಯುತ್ತಾರೆ. ಅದು ಬರಲೆಂದು ಕಾಯಬೇಕಾಗಿಯೂ ಇಲ್ಲ. ಹಲ್ಲುಜ್ಜುವಾಗ ಕಾಣುವ ರಕ್ತ ಬಡವನಿಗೂ ಪುಕ್ಕಟೆಯಾಗಿ ದೊರೆಯುವ ಸೂಚಕ.

ನಮ್ಮ ಸರ್ಕಾರ 2014ರಲ್ಲಿ ದಂತಭಾಗ್ಯ ಯೋಜನೆಯನ್ನು ತಂದು, ಬಡ ವೃದ್ಧರಿಗೆ ಕಟ್ಟಿಸುವ ಹಲ್ಲನ್ನು ಉಚಿತವಾಗಿ ಕೊಡಲು ಮುಂದಾದುದು ಸ್ತುತ್ಯ ಕಾರ್ಯ. ಆದರೆ ಕಟ್ಟಿಸಿದ ಹಲ್ಲಿಗಿಂತ ಹುಟ್ಟಿದ ಹಲ್ಲು ಮೇಲಲ್ಲವೆ? ಹಲ್ಲು ಹೋದವರಿಗೆ ತೋರಿದ ಕರುಣೆಯನ್ನು ಹಲ್ಲಿರುವವರಿಗೂ ತೋರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ವಸಡಿನ ಶುಚಿಗೊಳಿಸುವಿಕೆ ತಪ್ಪದೆ, ತಡವಿಲ್ಲದೆ ದೊರೆಯಬೇಕು. ಓದಿದ ನಾವು ಆ ಹಳೆಯ ಭಯವನ್ನು ನಮ್ಮ ನಮ್ಮ ಮನೆಗಳಲ್ಲಿ ಬಿಡಿಸಬೇಕು. ಅಷ್ಟನ್ನೂ ಮಾಡದ ಪದವಿ ಗೋಡೆಗೆ ತೂಗುಹಾಕುವ ಚೌಕಟ್ಟಿಗಷ್ಟೇ ಯೋಗ್ಯ.