ಐವತ್ತು ಮಂದಿಯ ಹಾಸಿಗೆಯಲ್ಲಿ ಬಲಿಪೂಜೆ



ಸೆರೆಮನೆ ಎಂದಾಗ ನಮ್ಮ ಎಷ್ಟೋ ಧರ್ಮಕೇಂದ್ರಗಳಿಗೆ ನೆನಪಾಗುವುದು ಕ್ರಿಸ್ಮಸ್ ಕೇಕು. ಡಿಸೆಂಬರ್ ಬಂತೆಂದರೆ ಯುವಕ ಯುವತಿಯರು ಗುರುಗಳ ಜೊತೆ ಅಪ್ಪಣೆ ಪಡೆದು ಒಳಗೆ ಹೋಗುತ್ತಾರೆ, ನಾಲ್ಕು ಹಾಡು ಹಾಡುತ್ತಾರೆ, ಕೇಕು ಹಂಚಿ ಕೈಕುಲುಕಿ ಹೊರಗೆ ಬರುತ್ತಾರೆ. ಒಳ್ಳೆಯ ಕೆಲಸವೇ, ನಿಲ್ಲಬಾರದು. ಆದರೆ ಬೆನ್ನ ಹಿಂದೆ ಗೇಟು ಮುಚ್ಚಿದ ಮೇಲೆ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಒಳಗಿರುವ ಕ್ರೈಸ್ತನೊಬ್ಬ ಹೇಗೆ ಪ್ರಾರ್ಥಿಸುತ್ತಾನೆ, ಯಾರ ಜೊತೆ ಪ್ರಾರ್ಥಿಸುತ್ತಾನೆ ಎಂದು ನಾವು ಕೇಳುವುದು ಕಡಿಮೆ. ದೇವರನ್ನು ನಾವೇ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸುತ್ತೇವೆ ಎಂಬ ಭಾವನೆ ನಮ್ಮೊಳಗೆ ಎಲ್ಲೋ ಇರುತ್ತದೆ. ಒಳಗಿದ್ದು ಬಂದವರ ಮಾತು ಕೇಳಿದರೆ ಅದು ಹಾಗಲ್ಲ ಎಂದು ತಿಳಿಯುತ್ತದೆ. ಅಲ್ಲಿಯ ಧರ್ಮಸಭೆ ಒಳಗಿನವರ ನಡುವೆಯೇ ಹುಟ್ಟುತ್ತದೆ. ಹೋಗುವ ನಾವು ಅದಕ್ಕೆ ಅತಿಥಿಗಳು.

ಇದಕ್ಕೆ ವಿಯೆಟ್ನಾಂ ದೇಶದ ಒಬ್ಬ ಕೈದಿ ಸಾಕ್ಷಿ. ಅವರ ಹೆಸರು ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್. 1975ರ ಏಪ್ರಿಲ್‌ನಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಸೈಗಾನ್ ನಗರದ ಉತ್ತರಾಧಿಕಾರಿ ಮಹಾಧರ್ಮಾಧ್ಯಕ್ಷರಾಗಿ ನೇಮಿಸಿದರು. ಒಂದು ವಾರ ಕಳೆಯುವುದರೊಳಗೆ ನಗರ ಕಮ್ಯುನಿಸ್ಟರ ಕೈಗೆ ಬಿತ್ತು. ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನವೇ, ಅವರನ್ನು ಹಿಡಿದೊಯ್ದರು. ವಿಚಾರಣೆ ಇಲ್ಲ, ತೀರ್ಪು ಇಲ್ಲ. ಹದಿಮೂರು ವರ್ಷದ ಸೆರೆ, ಅದರಲ್ಲಿ ಒಂಬತ್ತು ವರ್ಷ ಒಂಟಿ ಕೋಣೆ.

ಬರಿಗೈಯಲ್ಲಿ ಹೋದವರಿಗೆ ಮನೆಯವರಿಗೆ ಪತ್ರ ಬರೆದು ಅಗತ್ಯದ ಸಾಮಾನು ತರಿಸಿಕೊಳ್ಳಲು ಅನುಮತಿ ಸಿಕ್ಕಿತು. ಬಟ್ಟೆ, ಟೂತ್‌ಪೇಸ್ಟಿನ ಜೊತೆಗೆ ಹೊಟ್ಟೆನೋವಿನ ಔಷಧಿ ಸ್ವಲ್ಪ ಕಳುಹಿಸಿ ಎಂದು ಬರೆದರು. ಹೊರಗಿದ್ದ ವಿಶ್ವಾಸಿಗಳಿಗೆ ಅರ್ಥವಾಯಿತು. ಸಣ್ಣ ಸೀಸೆಯಲ್ಲಿ ದ್ರಾಕ್ಷಾರಸ ತುಂಬಿಸಿ ಹೊಟ್ಟೆನೋವಿನ ಔಷಧಿ ಎಂದೇ ಚೀಟಿ ಅಂಟಿಸಿ ಕಳುಹಿಸಿದರು. ಬಲಿಪೂಜೆಯ ರೊಟ್ಟಿಯನ್ನು ತೇವ ತಾಗದಂತೆ ಟಾರ್ಚಿನೊಳಗೆ ಅಡಗಿಸಿಟ್ಟರು. ಆ ದಿನದಿಂದ ಅಂಗೈಯೇ ಅವರ ಪೂಜಾಪಾತ್ರೆಯಾಯಿತು. ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು, ಬಾಯಿಪಾಠವಾಗಿದ್ದ ಪ್ರಾರ್ಥನೆಗಳು.

ಉತ್ತರದ ಶಿಬಿರಕ್ಕೆ ಒಯ್ದಾಗ ಅಲ್ಲಿ ಕೈದಿಗಳನ್ನು ಐವತ್ತೈವತ್ತು ಮಂದಿಯ ಗುಂಪು ಮಾಡಿದ್ದರು. ಐವತ್ತು ಮಂದಿಗೂ ಒಂದೇ ಉದ್ದ ಹಾಸಿಗೆ. ಒಬ್ಬೊಬ್ಬನ ಪಾಲಿಗೆ ಐವತ್ತು ಸೆಂಟಿಮೀಟರ್ ಜಾಗ, ಅಂದರೆ ಹೆಚ್ಚು ಕಡಿಮೆ ಒಂದು ಮೊಳ. ಕಥೋಲಿಕರು ಐದು ಮಂದಿ ಹೇಗೋ ಹೊಂದಿಸಿಕೊಂಡು ತಮ್ಮ ಧರ್ಮಾಧ್ಯಕ್ಷರ ಪಕ್ಕದಲ್ಲೇ ಮಲಗುವ ಹಾಗೆ ಮಾಡಿಕೊಂಡರು. ರಾತ್ರಿ ಒಂಬತ್ತೂವರೆಗೆ ದೀಪ ಆರಿಸುತ್ತಿದ್ದರು. ಆಮೇಲೆ ಅವರು ಹಾಸಿಗೆಯ ಮೇಲೆ ಬಾಗಿ ಕುಳಿತು ಬಲಿಪೂಜೆ ಅರ್ಪಿಸುತ್ತಿದ್ದರು, ಸೊಳ್ಳೆಪರದೆಯ ಅಡಿಯಿಂದ ಕೈಚಾಚಿ ಪಕ್ಕದವರಿಗೆ ಪರಮಪ್ರಸಾದ ಕೊಡುತ್ತಿದ್ದರು. ಸಿಗರೇಟು ಪ್ಯಾಕಿನ ಕಾಗದದಿಂದ ಚಿಕ್ಕ ಚೀಲ ಮಾಡಿ ಅದರಲ್ಲಿ ಉಳಿದ ಪ್ರಸಾದ ಇಡುತ್ತಿದ್ದರು. ವಾರಕ್ಕೊಮ್ಮೆ ಇಡೀ ಶಿಬಿರವನ್ನು ಕೂರಿಸಿ ಸರಕಾರದ ತತ್ವಬೋಧನೆ ನಡೆಯುತ್ತಿತ್ತು. ಅದರ ಬಿಡುವಿನಲ್ಲಿ ಈ ಚೀಲಗಳು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿ ಬೇರೆ ಗುಂಪುಗಳಿಗೆ ಹೋಗುತ್ತಿದ್ದವು. ಪರಮಪ್ರಸಾದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ ಕೈದಿಗಳು ರಾತ್ರಿ ಸರದಿಯ ಮೇಲೆ ಎಚ್ಚರವಿದ್ದು ಆರಾಧನೆ ಮಾಡುತ್ತಿದ್ದರು. ನಮ್ಮಲ್ಲಿ ಆರಾಧನೆಯ ಗಂಟೆಗೆ ಹೆಸರು ಬರೆಸಲು ಗುರುಗಳು ಎಷ್ಟು ಸಲ ಪ್ರಕಟಣೆ ಓದಬೇಕಾಗುತ್ತದೆ ಎಂಬುದು ನಿಮಗೇ ಗೊತ್ತು.

ವಿಶ್ವಾಸ ಬಿಟ್ಟಿದ್ದ ಕಥೋಲಿಕರು ಮರಳಿದರು. ಬೌದ್ಧರು, ಇತರರು ಕೂಡ ಇವರಲ್ಲಿ ಏನೋ ಇದೆ ಎಂದು ಹತ್ತಿರ ಬಂದರು. ಕೆಲವರು ದೀಕ್ಷಾಸ್ನಾನ ಕೇಳಿ ಪಡೆದರು. ಯಾವ ಪ್ರವಚನ ವೇದಿಕೆಯೂ ಇರಲಿಲ್ಲ. ಒಂದು ಮೊಳ ಜಾಗದಲ್ಲಿ ಒಬ್ಬರಿಗೊಬ್ಬರು ತೊಂದರೆ ಕೊಡದೆ, ಕಾಯಿಲೆಯವನಿಗೆ ಕೈಲಾದದ್ದು ಮಾಡುತ್ತ ಬದುಕಿದ್ದೇ ಅವರ ಸಾಕ್ಷ್ಯವಾಗಿತ್ತು.

ಕಾವಲುಗಾರರ ಸಂಗತಿ ಇನ್ನೂ ಸ್ವಾರಸ್ಯ. ಒಂಟಿ ಕೋಣೆಯಲ್ಲಿದ್ದಾಗ ಅವರ ಜೊತೆ ಮಾತಾಡಬಾರದೆಂದು ಆಜ್ಞೆಯಿತ್ತು. ಆದರೆ ಕಾವಲಿಗೆ ಬಂದವರೆಲ್ಲ ಅವರ ಸ್ನೇಹಿತರಾಗಿಬಿಡುತ್ತಿದ್ದರು. ಎರಡು ವಾರಕ್ಕೊಮ್ಮೆ ಕಾವಲುಗಾರರನ್ನು ಬದಲಾಯಿಸಿದರು. ಹೀಗೇ ಆದರೆ ಪೊಲೀಸರೆಲ್ಲ ಕೆಡುತ್ತಾರೆಂದು ಕೊನೆಗೆ ಬದಲಾಯಿಸುವುದನ್ನೇ ಬಿಟ್ಟರು! ಅವರಿಗೆ ಇವರು ಭಾಷೆ ಕಲಿಸಿದರು. ಒಬ್ಬ ಕಾವಲುಗಾರನಿಗೆ ಲತೀನ್ ಗೀತೆ ಕಲಿಯುವ ಆಸೆಯಾಯಿತು. ಇವರು ಹಲವು ಗೀತೆಗಳನ್ನು ಹಾಡಿ ತೋರಿಸಿದರು, ಅವನು ಪವಿತ್ರಾತ್ಮರನ್ನು ಕರೆಯುವ ಹಳೆಯ ಗೀತೆಯನ್ನು ಆರಿಸಿಕೊಂಡ. ಆಮೇಲೆ ದಿನಾ ಬೆಳಿಗ್ಗೆ ವ್ಯಾಯಾಮಕ್ಕೆಂದು ಮರದ ಮೆಟ್ಟಿಲಿಳಿಯುವಾಗ ಆ ಕಮ್ಯುನಿಸ್ಟ್ ಪೊಲೀಸನು ಅದನ್ನು ಹಾಡಿಕೊಂಡು ಹೋಗುವುದು ಕೋಣೆಯೊಳಗಿನ ಧರ್ಮಾಧ್ಯಕ್ಷರಿಗೆ ಕೇಳಿಸುತ್ತಿತ್ತು. ಇನ್ನೊಬ್ಬನು ಅವರು ಮರದ ಚೂರೊಂದನ್ನು ಶಿಲುಬೆಯ ಆಕಾರಕ್ಕೆ ಕತ್ತರಿಸುವುದನ್ನು ಕಂಡೂ ಕಾಣದಂತೆ ಇದ್ದ. ಆ ಶಿಲುಬೆ ಸೋಪಿನೊಳಗೆ ಅಡಗಿ ಕುಳಿತಿತು. ವಿದ್ಯುತ್ ತಂತಿ ಮತ್ತು ಇಕ್ಕಳ ಕೊಟ್ಟು ಅದಕ್ಕೆ ಸರಪಳಿ ಮಾಡಲು ನೆರವಾದವನೂ ಒಬ್ಬ ಕಾವಲುಗಾರನೇ. 1988ರ ನವೆಂಬರ್ 21ರಂದು ಬಿಡುಗಡೆಯಾಯಿತು. 2001ರಲ್ಲಿ ಕಾರ್ಡಿನಲ್ ಆದಾಗಲೂ, 2002ರಲ್ಲಿ ತೀರಿಕೊಳ್ಳುವವರೆಗೂ ಅವರು ಎದೆಯ ಮೇಲೆ ಧರಿಸಿದ್ದು ಆ ಶಿಲುಬೆಯನ್ನೇ. 2017ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿದೆ.

ಇದು ಹೊಸದೇನಲ್ಲ. ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯ ತೆಗೆದು ನೋಡಿ. ಪೌಲ ಮತ್ತು ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ಏಟು ತಿಂದ ಬೆನ್ನು ಹೊತ್ತು, ಕಾಲಿಗೆ ಕೋಳ ಹಾಕಿಸಿಕೊಂಡು ಮಧ್ಯರಾತ್ರಿ ಹಾಡುತ್ತಿದ್ದಾರೆ. ಉಳಿದ ಕೈದಿಗಳು ಕೇಳುತ್ತಿದ್ದಾರೆ. ಭೂಕಂಪವಾಗಿ ಬಾಗಿಲು ತೆರೆದದ್ದನ್ನು ನಾವು ದೊಡ್ಡ ಅದ್ಭುತವೆನ್ನುತ್ತೇವೆ. ನನಗಂತೂ ದೊಡ್ಡದಾಗಿ ಕಾಣುವುದು, ಆ ರಾತ್ರಿಯೇ ಸೆರೆಮನೆಯ ಅಧಿಕಾರಿ ಕೈದಿಗಳ ಗಾಯ ತೊಳೆದು, ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದು, ತನ್ನ ಮನೆಯಲ್ಲೇ ಅವರಿಗೆ ಊಟ ಬಡಿಸಿದ್ದು.

ನಮ್ಮ ದೇಶದಲ್ಲಿ ಈ ಸೇವೆಗೆ ಒಂದು ರೂಪ ಬಂದದ್ದು 1981ರಲ್ಲಿ, ಕೇರಳದ ಇಬ್ಬರು ಗುರುವಿದ್ಯಾರ್ಥಿಗಳಿಂದ. ಅದೇ ಬೆಳೆದು ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಆಯಿತು. ಅದರ ರಾಷ್ಟ್ರೀಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಆಗಸ್ಟ್ ತಿಂಗಳ ಎರಡನೆಯ ಭಾನುವಾರವನ್ನು ಸೆರೆವಾಸಿಗಳ ಸೇವೆಯ ಭಾನುವಾರವೆಂದು ಆಚರಿಸುವುದು ಪಾಲಕ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬಕ್ಕೆ ಹತ್ತಿರವೆಂದು. ಹೆಂಡತಿ ಮಕ್ಕಳಿದ್ದ ಇನ್ನೊಬ್ಬ ಕೈದಿಯ ಬದಲು ಅವರು 1941ರಲ್ಲಿ ಆಶ್ವಿಟ್ಸ್‌ನ ಉಪವಾಸದ ನೆಲಮಾಳಿಗೆಗೆ ಇಳಿದರು. ಒಳಗಿನಿಂದ ಪ್ರಾರ್ಥನೆ, ಜಪಮಾಲೆ, ಗೀತೆಗಳು ಕೇಳಿಬರುತ್ತಿದ್ದವು, ಪಕ್ಕದ ಕೋಣೆಗಳವರೂ ದನಿಗೂಡಿಸುತ್ತಿದ್ದರು. ಅಲ್ಲಿಯೂ ಹಾಗೆಯೇ: ಹೊರಗಿನಿಂದ ಯಾರೂ ಬಂದಿರಲಿಲ್ಲ.

ಜೈಲಿನಲ್ಲಿರುವವರೆಲ್ಲ ಅಪರಾಧಿಗಳು ಎಂದು ಮನೆಗಳಲ್ಲಿ ಮಾತು ಬರುತ್ತದೆ. ಸರಕಾರದ ಲೆಕ್ಕವನ್ನೇ ನೋಡೋಣ. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ತೀರ್ಪೇ ಆಗಿರಲಿಲ್ಲ.

ಗಡಿನಾಡಿನ ನಮಗೆ ಇನ್ನೂ ಒಂದು ತೊಡಕಿದೆ, ಅದು ಭಾಷೆ. ಕಾಸರಗೋಡಿನ ಕಡೆಯವನಿಗೆ ಶಿಕ್ಷೆಯಾದರೆ ಕಣ್ಣೂರು ಸೆಂಟ್ರಲ್ ಜೈಲು, ತಾಳವಾಡಿಯವನಿಗೆ ಕೊಯಮತ್ತೂರು, ಅಕ್ಕಲಕೋಟೆಯವನಿಗೆ ಸೊಲ್ಲಾಪುರವೋ ಪುಣೆಯ ಯೆರವಾಡವೋ. ಅಲ್ಲಿಗೆ ಬರುವ ಗುರುಗಳು ಆ ರಾಜ್ಯದ ಭಾಷೆಯಲ್ಲಿ ಬಲಿಪೂಜೆ ಅರ್ಪಿಸುತ್ತಾರೆ. ಅವರು ಬರುವುದೇ ದೊಡ್ಡದು. ವ್ಯವಹಾರದ ಮಲಯಾಳವೋ ತಮಿಳೋ ನಮ್ಮವನಿಗೂ ಬರುತ್ತದೆ. ಆದರೆ ಅಜ್ಜಿಯ ಮಡಿಲಲ್ಲಿ ಕಲಿತ ಪ್ರಾರ್ಥನೆ ಬೇರೆ ಭಾಷೆಯಲ್ಲಿ ನಾಲಗೆಗೆ ಬರುವುದಿಲ್ಲ. ಪಾಪನಿವೇದನೆಯಂತೂ ಇನ್ನೂ ಕಷ್ಟ. ಎದೆಯಲ್ಲಿ ಕಟ್ಟಿಕೊಂಡದ್ದನ್ನು ಕಲಿತ ಭಾಷೆಯಲ್ಲಿ ಹೇಳುವುದು ಹೇಗೆ? ಕನ್ನಡ ಬಲ್ಲ ಗುರುಗಳೊಬ್ಬರು ಮೂರು ತಿಂಗಳಿಗೊಮ್ಮೆ ಹೋಗಿಬಂದರೂ, ಜೈಲಿನ ಗ್ರಂಥಾಲಯಕ್ಕೆ ಎರಡು ಕನ್ನಡ ಬೈಬಲ್, ಕೆಲವು ಪ್ರಾರ್ಥನೆ ಪುಸ್ತಕ ತಲುಪಿದರೂ ಅದು ಕೇಕಿಗಿಂತ ಹೆಚ್ಚು ದಿನ ಬಾಳುತ್ತದೆ. ಏನನ್ನು ಒಳಗೆ ಬಿಡುತ್ತಾರೆ, ಯಾವ ದಿನ ಬರಬಹುದು ಎಂದು ಅಧೀಕ್ಷಕರ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಅಪ್ಪಣೆ ಪತ್ರ ಬೇಕು, ಮೊಬೈಲು ಒಯ್ಯುವಂತಿಲ್ಲ, ಯಾವ ಅಪರಾಧಕ್ಕೆ ಬಂದಿದ್ದೀಯ ಎಂದು ಅವನನ್ನು ಕೇಳುವಂತಿಲ್ಲ. ಈ ಕೊನೆಯದು ಯಾವ ಕಚೇರಿಯ ನಿಯಮವೂ ಅಲ್ಲ, ಆದರೂ ಪಾಲಿಸಿ.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಅವನಿಂದ ಮಗಳನ್ನು ಕಳೆದುಕೊಂಡ ಮನೆಯವರು ಏನು ಮಾಡಬೇಕು? ಕೈದಿಗೆ ಪ್ರೀತಿ, ನೊಂದವರಿಗೆ ಬರೀ ಉಪದೇಶವೇ? ಇದಕ್ಕೆ ನಾನು ಉತ್ತರ ಹೇಳುವುದಕ್ಕಿಂತ ಕೇರಳದ ಪುಲ್ಲುವಳಿಯ ಒಂದು ಕುಟುಂಬ ಹೇಳಲಿ. ಆ ಮನೆಯ ಮಗಳು ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದಲ್ಲಿ ಸಾಲದ ಬಲೆಯಲ್ಲಿದ್ದ ಬಡವರ ನಡುವೆ ದುಡಿಯುತ್ತಿದ್ದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಸಮಂದರ್ ಸಿಂಗ್ ಎಂಬುವನು ಅವರನ್ನು ಇರಿದು ಕೊಂದ. ಇಂದೋರಿನ ಜೈಲಿಗೆ ಸ್ವಾಮಿ ಸದಾನಂದ ಎಂಬ ಗುರುಗಳು ಹೋಗಿ ಬಂದು ಅವನ ಗೆಳೆತನ ಸಂಪಾದಿಸಿದರು. 2002ರ ರಕ್ಷಾಬಂಧನದ ಸಮಯದಲ್ಲಿ ರಾಣಿ ಮರಿಯಾರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಅದೇ ಜೈಲಿಗೆ ಹೋಗಿ ಅಕ್ಕನನ್ನು ಕೊಂದ ಕೈಗೆ ರಾಖಿ ಕಟ್ಟಿದರು. ಬಿಡುಗಡೆಗೆ ಆ ಕುಟುಂಬದವರೇ ಸಹಿ ಹಾಕಿಕೊಟ್ಟರು, 2006ರಲ್ಲಿ ಅವನು ಹೊರಬಂದ. ಪುಲ್ಲುವಳಿಗೆ ಹೋದಾಗ ಆ ತಂದೆತಾಯಿ ಅವನನ್ನು ಮನೆಯೊಳಗೆ ಕರೆದರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಪುನೀತೆಯೆಂದು ಘೋಷಿಸಿದ ಸಮಾರಂಭದಲ್ಲಿ ಅವನೂ ಇದ್ದ. ಕೊಲೆಗೂ ರಾಖಿಗೂ ನಡುವೆ ಏಳು ವರ್ಷ ಕಳೆದಿತ್ತು. ಕ್ಷಮಿಸಲು ಸಮಯ ಬೇಕಾದವರನ್ನು ಅವಸರಪಡಿಸುವ ಹಕ್ಕು ನಮಗಿಲ್ಲ.

ಪೋಪ್ ಫ್ರಾನ್ಸಿಸ್‌ರವರು 2024ರ ಡಿಸೆಂಬರ್ 26ರಂದು ರೋಮಿನ ರೆಬಿಬ್ಬಿಯಾ ಸೆರೆಮನೆಯಲ್ಲಿ ಜೂಬಿಲಿ ವರ್ಷದ ಪವಿತ್ರ ದ್ವಾರವನ್ನು ತೆರೆದರು. ಮರುವರ್ಷ ಪವಿತ್ರ ಗುರುವಾರ ಕಾಯಿಲೆಯಿಂದ ಕಾಲು ತೊಳೆಯಲಾಗದಿದ್ದರೂ ರೆಜಿನಾ ಚೇಲಿ ಸೆರೆಮನೆಗೆ ಹೋಗಿ ಕೈದಿಗಳ ಜೊತೆ ಕುಳಿತು ಬಂದರು. ನಾಲ್ಕು ದಿನದ ಮೇಲೆ ತೀರಿಕೊಂಡರು.

ರೋಮು ದೂರ. ನಮ್ಮ ವಾರ್ಡಿನ ಮಾತಿಗೆ ಬರೋಣ. ಮಗನೋ ಗಂಡನೋ ಜೈಲಿಗೆ ಹೋದ ಮನೆಯ ತಾಯಿ ಯಾರ ಕಣ್ಣಿಗೂ ಬೀಳಬಾರದೆಂದು ಬೆಳಗಿನ ಮೊದಲ ಪೂಜೆಗೆ ಬಂದು ಆಶೀರ್ವಾದಕ್ಕೆ ಮುಂಚೆ ಎದ್ದು ಹೋಗುತ್ತಾಳೆ. ಮಕ್ಕಳು ಧರ್ಮೋಪದೇಶದ ತರಗತಿ ಬಿಡುತ್ತಾರೆ. ಅವನು ಬಿಡುಗಡೆಯಾಗಿ ಬಂದ ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತರೆ ಆ ಬೆಂಚಿನಲ್ಲಿ ಅವನೊಬ್ಬನೇ ಉಳಿಯುತ್ತಾನೆ. ಒಂದು ಮೊಳ ಜಾಗದಲ್ಲಿ ಐವತ್ತು ಮಂದಿ ಇದ್ದಲ್ಲಿ ಸಿಕ್ಕಿದ ಸಂಗ ಆರು ಅಡಿ ಬೆಂಚಿನಲ್ಲಿ ಸಿಗದಿದ್ದರೆ ಅವನು ಎಲ್ಲಿಗೆ ಹೋಗಬೇಕು?

ಅಕ್ಟೋಬರ್‌ನಲ್ಲಿ ಜಪಮಾಲೆಗೆ ಮಾತೆಯ ಸ್ವರೂಪವನ್ನು ಮನೆಯಿಂದ ಮನೆಗೆ ಒಯ್ಯುವ ಪಟ್ಟಿಯನ್ನು ನಮ್ಮಲ್ಲಿ ಗುರ್ಕಾರರು ಬರೆಯುತ್ತಾರೆ. ಅಂಥ ಮನೆಯ ಹೆಸರು ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುವುದುಂಟು. ಅವರಿಗೇ ಮುಜುಗರವಾಗುತ್ತದೆ ಎಂದು ಕಾರಣ ಹೇಳುತ್ತೇವೆ. ಈ ಸಲ ಪಟ್ಟಿ ಬರೆಯುವ ಮೊದಲು ಗುರ್ಕಾರರೇ ಆ ಮನೆಗೆ ಹೋಗಿ, ಯಾವ ದಿನ ಅನುಕೂಲ ಅಮ್ಮಾ ಎಂದು ಕೇಳಲಿ.